ಸೆಂಗಾಳ ಬಟ್ಟಲು

"ಈ ಬಟ್ಟಲು ನಂದು ಕಣೇ," ಎಂದಳು ಸೆಂಗಾ, ಒಂದು ಫೋಟೋದ ಮೇಲೆ ಬೆರಳಿಟ್ಟು.

ಫೋಟೋಗಳನ್ನು ಒಂದೊಂದಾಗಿ ಲಕೋಟೆಗೆ ಸೇರಿಸುತ್ತಿದ್ದ ಸಾರ್ಜೆಂಟ್ ರೋನಾ ಗಿಲ್‌ಕ್ರಿಸ್ಟ್‌ಳ ಕೈ ಹಾಗೇ ನಿಂತಿತು.

"ಏನಂದ್ರಿ?"

"ಇದು ಕೇಂದ್ರದ್ದಲ್ಲ. ಮಕ್ಕಳ ಬಟ್ಟಲೆಲ್ಲ ಬಿಳೀ ಪ್ಲಾಸ್ಟಿಕ್ಕು. ಇದು ಪಿಂಗಾಣಿ. ನೀಲಿ ಗೆರೆ ನೋಡು, ಅಂಚಲ್ಲಿ ಚಕ್ಕೆ ಎದ್ದಿರೋದು ನೋಡು. ನಮ್ಮಮ್ಮಂದು. ದಿನಾ ನಾನು ಊಟ ಮಾಡೋದು ಇದರಲ್ಲೇ."

ಸೆಂಗಾಳ ಮನೆಯ ಬಾಗಿಲ ಬಳಿ ನಿಂತು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಡೂಗಿ ಪ್ಯಾಟನ್ ತಲೆಯೆತ್ತಿದ.

ಹಿಂದಿನ ದಿನ, ಈಸ್ಟರ್ ರಜೆಯ ಗುರುವಾರ, ಗ್ರೀನಕ್ ಊರಿನ ಕಿಪ್ಪೆನ್ ಬೀದಿಯ ಯುವಕೇಂದ್ರದ ಉಚಿತ ಊಟಕ್ಕೆ ಬಂದ ಮೂವತ್ತೊಂದು ಮಕ್ಕಳಲ್ಲಿ ಕರ್ಸ್ಟಿ ಮಿಲ್ನ್ ಎಂಬ ಹದಿನೈದರ ಹುಡುಗಿ ಒಬ್ಬಳೇ ವಿಷವೇರಿ ಕುಸಿದುಬಿದ್ದಿದ್ದಳು. ದೊಡ್ಡ ಪಾತ್ರೆಯ ಬೇಳೆ ಸೂಪಿನಲ್ಲಿ ಏನೂ ಇರಲಿಲ್ಲ. ರೊಟ್ಟಿಯಲ್ಲಿ, ಸೇಬಿನಲ್ಲಿ, ನೀರಿನಲ್ಲಿ ಏನೂ ಇರಲಿಲ್ಲ. ವಿಷ ಸಿಕ್ಕಿದ್ದು ಈ ಒಂದು ಬಟ್ಟಲಿನಲ್ಲಿ.

"ನಿನ್ನೆ ಮೂರು ಸಲ ಕೇಳಿದೆ ಸೆಂಗಾ. ಕರ್ಸ್ಟಿ ಏನು ತಿಂದಳು ಅಂತ. ಮೂರು ಸಲಾನೂ 'ಎಲ್ಲರೂ ತಿಂದಿದ್ದೇ' ಅಂದ್ರಿ."

ಸೆಂಗಾ ಮಕ್‌ಫೀ ಫೋಟೋವನ್ನೇ ನೋಡಿದಳು. ಅರವತ್ತೆರಡರ ದಪ್ಪನೆಯ ಹೆಂಗಸು. ಹನ್ನೆರಡು ವರ್ಷಗಳಿಂದ ಆ ಬೀದಿಯ ಮಕ್ಕಳಿಗೆ ಬಿಸಿಬಿಸಿ ಬಡಿಸಿದ ಕೈಗಳು ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ರಾತ್ರಿಯೆಲ್ಲ ಬಟ್ಟೆ ಬದಲಿಸಿರಲಿಲ್ಲ. ಏಪ್ರನ್ನಿನ ದಾರ ಇನ್ನೂ ಸೊಂಟಕ್ಕೆ ಕಟ್ಟಿಯೇ ಇತ್ತು.

"ತಡವಾಗಿ ಬಂದ್ಲು," ಎಂದಳು ಕೊನೆಗೆ. "ಒಂದೂಕಾಲು ಆಗಿತ್ತು. ತಮ್ಮನ್ನ ಅಜ್ಜಿ ಮನೇಲಿ ಬಿಟ್ಟು ಓಡ್ಕೊಂಡು ಬಂದಿದ್ಲು. ಸೂಪು ಖಾಲಿ. 'ಪರವಾಗಿಲ್ಲ ಸೆಂಗಾ, ಒಂದು ಸೇಬು ಕೊಡು ಸಾಕು' ಅಂದ್ಲು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು ಕಣೇ. ನನ್ನ ಪಾಲು ಒಲೆ ಮೇಲಿನ ಹಲಗೆ ಮೇಲೆ ತಟ್ಟೆ ಮುಚ್ಚಿ ಇಟ್ಟಿದ್ದೆ. ಕೇಲ್ ಸೊಪ್ಪು ಹಾಕಿ ಕಿವುಚಿದ ಆಲೂಗಡ್ಡೆ. ಅದನ್ನೇ ಬಿಸಿ ಮಾಡಿ ಕೊಟ್ಟೆ."

"ಇದನ್ನ ಮುಚ್ಚಿಡೋಕೆ ಏನಿತ್ತು?"

ಸೆಂಗಾ ಏಪ್ರನ್ನಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

ಡೂಗಿ ಗಂಟಲು ಸರಿಮಾಡಿಕೊಂಡ. ಅವನೂ ಚಿಕ್ಕಂದಿನಲ್ಲಿ ಅದೇ ಕೇಂದ್ರದಲ್ಲಿ ಉಂಡು ಬೆಳೆದವನು. ಈ ಮನೆಯಲ್ಲಿ ಪೊಲೀಸಿನವನಾಗಿ ನಿಲ್ಲುವುದು ಅವನಿಗೆ ಕಷ್ಟವಾಗುತ್ತಿತ್ತು.

"ಮೇಡಂ, ಕರ್ಸ್ಟಿ ಪಕ್ಕ ಕೂತಿದ್ದ ಹುಡುಗಿ ಬೆಳಿಗ್ಗೆ ಹೇಳಿದ್ದು... ಮೊದಲನೇ ತುತ್ತಿಗೇ ಕರ್ಸ್ಟಿ 'ಥೂ, ಕಹಿ' ಅಂದ್ಲಂತೆ. ಆದ್ರೂ ನಾಲ್ಕು ಚಮಚ ತಿಂದ್ಲಂತೆ. ಯಾಕೆ ತಿಂತೀಯ, ಬಿಡು ಅಂದಿದ್ದಕ್ಕೆ, 'ಸೆಂಗಾ ತನ್ನ ಊಟ ಕೊಟ್ಟಿದ್ದಾಳೆ, ಬಿಟ್ರೆ ಬೇಜಾರು ಮಾಡ್ಕೋತಾಳೆ' ಅಂದ್ಲಂತೆ."

ಸೆಂಗಾ ತಟ್ಟನೆ ತಲೆಯೆತ್ತಿದಳು.

"ಕಹಿನಾ? ಕಹಿ ಇತ್ತಾ ಅದು?"

ಅವಳು ಕೇಳಿದ ರೀತಿ ರೋನಾಳಿಗೆ ವಿಚಿತ್ರವೆನಿಸಿತು. ಅಡುಗೆ ಮಾಡಿದವಳು ಕೇಳುವ ಪ್ರಶ್ನೆ ಅಲ್ಲ ಅದು.

ಅಷ್ಟರಲ್ಲಿ ರೋನಾಳ ಮೂಗಿಗೆ ಬಡಿಯಿತು. ಹಾಲು ಸೀಯುವ ವಾಸನೆ. ಬಂದ ಕೂಡಲೇ ಸೆಂಗಾ, "ಡೂಗಿಗೆ ಕೋಕೋ ಅಂದ್ರೆ ಪ್ರಾಣ" ಎನ್ನುತ್ತಾ ಒಳಗೆ ಹೋಗಿ ಹಾಲು ಒಲೆಗಿಟ್ಟು ಬಂದಿದ್ದಳು. ಡೂಗಿಗೂ ವಾಸನೆ ಬಂತು. ಅವನು ಅಡುಗೆಮನೆಯ ಕಡೆ ಹೊರಟ. ರೋನಾ ಕಣ್ಣಿನಲ್ಲೇ ಅವನನ್ನು ತಡೆದಳು.

ವಾಸನೆ ದಟ್ಟವಾಯಿತು. ಕಣ್ಣು ಉರಿಯುವಷ್ಟಾಯಿತು. ಸೆಂಗಾ ಆ ಫೋಟೋವನ್ನೇ ನೋಡುತ್ತಾ ಕುಳಿತಿದ್ದಳು. ಬಾಗಿಲ ಸಂದಿನಿಂದ ಹೊಗೆ ಕಾಣಿಸಿದಾಗ ಮಾತ್ರ ಬೆಚ್ಚಿ ಎದ್ದು ಓಡಿದಳು.

ಕರಿ ಹಿಡಿದ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದವಳ ಹಿಂದೆ ರೋನಾ ಬಂದು ನಿಂತಳು. ಗೋಡೆಯ ಮೇಲೆ ಸಾಲಾಗಿ ನಾಲ್ಕು ಅಲಾರಂ ಗಡಿಯಾರಗಳು. ಉಪ್ಪಿನ ಡಬ್ಬಿಯೊಳಗಿನ ಚಮಚದ ಮೇಲೆ ಕೆಂಪು ಶಾಯಿಯ ಗೆರೆಗಳು.

"ಎಷ್ಟು ದಿನದಿಂದ ಸೆಂಗಾ?"

"ಏನು ಎಷ್ಟು ದಿನ?"

"ವಾಸನೆ ಗೊತ್ತಾಗದೆ."

ನೀರು ಸುರಿಯುತ್ತಲೇ ಇತ್ತು. ಸೆಂಗಾ ನಲ್ಲಿ ನಿಲ್ಲಿಸಲಿಲ್ಲ.

"ನಾಲ್ಕು ವರ್ಷ," ಎಂದಳು. "ಊರಿಗೆಲ್ಲ ಆ ಜ್ವರ ಬಂತಲ್ಲ, ಆಗ. ಜ್ವರ ಹೋಯ್ತು, ಹೋಗ್ತಾ ಮೂಗು ನಾಲಿಗೆ ಎರಡನ್ನೂ ತಗೊಂಡು ಹೋಯ್ತು. ಸಕ್ಕರೆ ಹಾಕಿದ್ರೂ ಒಂದೇ, ಸೋಪು ಹಾಕಿದ್ರೂ ಒಂದೇ. ಕೈ ಅಂದಾಜು, ಚಮಚದ ಅಳತೆ, ಗಡಿಯಾರ... ಇಷ್ಟರಲ್ಲೇ ಅಡುಗೆ ನಡೀತಿದೆ. ಯಾರಿಗೆ ಹೇಳ್ಲಿ? ರುಚಿ ಗೊತ್ತಿಲ್ಲದ ಅಡುಗೆಯವಳನ್ನ ಯಾರು ಇಟ್ಕೋತಾರೆ? ನನ್ನ ಊಟ ಕೊಟ್ಟೆ ಅಂದಿದ್ರೆ ರುಚಿ ಹೇಗಿತ್ತು ಅಂತ ನೀನು ಕೇಳ್ತಿದ್ದೆ, ಅದಕ್ಕೇ ನಿನ್ನೆ ಮುಚ್ಚಿಟ್ಟೆ. ಮಕ್ಕಳನ್ನ ಬಿಟ್ಟು ನಾನು ಮನೇಲಿ ಕೂತು ಏನು ಮಾಡ್ಲಿ?"

ರೋನಾ ಅವಳ ಭುಜ ಹಿಡಿದು ಕುರ್ಚಿಗೆ ಕೂರಿಸಿದಳು. ತಾನೂ ಕೂತಳು. ಹಿಂದಿನ ಸಂಜೆ ಆಸ್ಪತ್ರೆಯ ಡಾಕ್ಟರು ಹೇಳಿದ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಅದು ಫಾಕ್ಸ್‌ಗ್ಲವ್ ಗಿಡದ ಎಲೆ. ಹೃದಯದ ಬಡಿತವನ್ನೇ ಹಿಡಿದು ನಿಲ್ಲಿಸುವ ವಿಷ. ಆದರೆ ಎಷ್ಟು ಕಹಿಯೆಂದರೆ ಯಾರೂ ತಾವಾಗಿ ಒಂದು ಬಟ್ಟಲು ತಿನ್ನಲಾರರು. ಇಂಥ ಕಹಿಯನ್ನು ಊಟದಲ್ಲಿ ಬೆರೆಸಿದವರಿಗೆ ತಲೆ ಕೆಟ್ಟಿರಬೇಕು ಎಂದು ಡಾಕ್ಟರು ಕೈ ಚೆಲ್ಲಿದ್ದರು.

ತಲೆ ಕೆಟ್ಟಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

"ಸೆಂಗಾ, ನಾನು ಹೇಳೋದನ್ನ ಗಟ್ಟಿ ಮನಸ್ಸು ಮಾಡ್ಕೊಂಡು ಕೇಳಿ. ಆ ಬಟ್ಟಲಲ್ಲಿ ದಿನಾ ತಿನ್ನೋರು ನೀವು. ಕಹಿ ಗೊತ್ತಾಗದೆ ಪೂರ್ತಿ ತಿಂದು ಮುಗಿಸೋರು ಆ ಕಟ್ಟಡದಲ್ಲಿ ನೀವೊಬ್ಬರೇ. ಅದು ಕರ್ಸ್ಟಿಗೆ ಇಟ್ಟ ವಿಷ ಅಲ್ಲ. ನಿಮಗೆ ಇಟ್ಟಿದ್ದು."

ಸೆಂಗಾಳ ಬಾಯಿ ಅರ್ಧ ತೆರೆದೇ ಇತ್ತು. ಗೋಡೆಯ ಮೇಲೆ ನಾಲ್ಕು ಗಡಿಯಾರಗಳು ಟಿಕ್‌ಟಿಕ್ ಎನ್ನುತ್ತಿದ್ದವು. ಅವಳು ಕೇಳಿದ ಮಾತಿಗೆ ಡೂಗಿ ಮುಖ ತಿರುಗಿಸಿಕೊಂಡ.

"ಹಾಗಾದ್ರೆ ನನ್ನ ಸಾವನ್ನ ನಾನೇ ಬಿಸಿ ಮಾಡಿ ಆ ಮಗೀಗೆ ಬಡಿಸಿದ್ನಾ?"

"ನಿಮಗೆ ಗೊತ್ತಿರಲಿಲ್ಲ."

"ನಾಲಿಗೆ ನೆಟ್ಟಗಿದ್ದಿದ್ರೆ ಗೊತ್ತಾಗ್ತಿತ್ತಲ್ಲೇ! ಕೊಡೋಕೆ ಮುಂಚೆ ಒಂದು ಚಮಚ ಬಾಯಿಗೆ ಹಾಕ್ಕೊಂಡಿದ್ರೆ ಗೊತ್ತಾಗ್ತಿತ್ತಲ್ಲ!"

"ನಿಮ್ಮ ನಾಲಿಗೆ ವಿಷಯ ಯಾರ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಸೆಂಗಾ."

"ನೆಟ್ಟಾಗೆ," ಎಂದಳು ಸಣ್ಣ ದನಿಯಲ್ಲಿ. "ನೆಟ್ಟಾ ಬೋಯ್ಡ್‌ಗೆ. ಅವಳೊಬ್ಬಳಿಗೇ. ದಿನಾ ಸೂಪಿನ ರುಚಿ ನೋಡಿ ಉಪ್ಪು ಬೇಕಾ ಬೇಡ್ವಾ ಅನ್ನೋದು ಅವಳೇ." ಕೂಡಲೇ ತಲೆಯೆತ್ತಿ ರೋನಾಳ ಕೈ ಹಿಡಿದಳು. "ಏ, ಹಾಗೆ ನೋಡಬೇಡ. ನೆಟ್ಟಾ ಅಲ್ಲ. ಮೂವತ್ತು ವರ್ಷದ ಸ್ನೇಹ ಕಣೇ. ಅವಳಲ್ಲ."

ಸೆಂಗಾಳಿಗೆ ಕರ್ಸ್ಟಿಯನ್ನು ನೋಡಲೇಬೇಕಿತ್ತು. ಬೇಡವೆಂದರೂ ಕೇಳಲಿಲ್ಲ. ಡೂಗಿಯೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೊರಟ. ಸೆಂಗಾಳ ಪಕ್ಕದಿಂದ ಅಲ್ಲಾಡಬಾರದೆಂದು ರೋನಾ ಅವನಿಗೆ ಎರಡು ಸಲ ಹೇಳಿದಳು.

ರೋನಾ ಕಿಪ್ಪೆನ್ ಬೀದಿಗೆ ಬಂದಾಗ ಹನ್ನೆರಡು ದಾಟಿತ್ತು.

ಊಟದ ಹೊತ್ತು. ಒಳಗೆ ಮೇಜುಗಳ ಮೇಲೆ ಬಿಳಿ ಬಟ್ಟಲುಗಳು ಜೋಡಿಸಿದ್ದು ಜೋಡಿಸಿದಂತೆಯೇ ಇದ್ದವು. ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಪೊಲೀಸ್ ಪಟ್ಟಿ. ಗೇಟಿನ ಹೊರಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳು ನಿಂತಿದ್ದರು. ಆ ವಯಸ್ಸಿನವರು ಒಂದೆಡೆ ಸೇರಿದರೆ ಇರಬೇಕಾದ ಗಲಾಟೆಯೇ ಇರಲಿಲ್ಲ. ಕೇಂದ್ರದ ವ್ಯವಸ್ಥಾಪಕ ಬಿಸೆಟ್ ಒಂದು ಪೆಟ್ಟಿಗೆ ಬಾಳೆಹಣ್ಣು ಹಿಡಿದು ಹಂಚಲು ನಿಂತಿದ್ದ. ಒಬ್ಬರೂ ಕೈ ಚಾಚುತ್ತಿರಲಿಲ್ಲ.

"ತಗೊಳ್ರೋ. ಸಿಪ್ಪೆ ಇದೆ, ಒಳಗೆ ಯಾರು ಏನು ಹಾಕೋಕಾಗತ್ತೆ?"

"ನೀವು ಮೊದ್ಲು ತಿನ್ನಿ," ಎಂದಿತು ಒಂದು ದನಿ.

ಬಿಸೆಟ್ ಅವರ ಮುಂದೆಯೇ ಒಂದು ಹಣ್ಣು ಸುಲಿದು ತಿಂದ. ಆಮೇಲೆ ಒಂದೊಂದಾಗಿ ಕೈಗಳು ಮುಂದೆ ಬಂದವು. ಹನ್ನೆರಡು ವರ್ಷದಲ್ಲಿ ಈ ಮಕ್ಕಳು ಆ ಬಾಗಿಲಲ್ಲಿ ಕೊಟ್ಟಿದ್ದನ್ನು ಅನುಮಾನಿಸಿದ್ದು ಇದೇ ಮೊದಲು.

ರೋನಾ ಬಿಸೆಟ್‌ನನ್ನು ಒಳಗೆ ಕರೆದಳು. ಐವತ್ತರ ಸಣಕಲ ಮನುಷ್ಯ. ಅಡುಗೆಮನೆ ಮುಚ್ಚಿ ಅಲ್ಲಿ ಕಂಪ್ಯೂಟರ್ ಕೋಣೆ ಮಾಡಬೇಕು, ಊಟವನ್ನು ಹೊರಗಿನಿಂದ ಡಬ್ಬಿಯಲ್ಲಿ ತರಿಸಬೇಕು ಎಂಬುದು ಅವನ ಹಟ. ನನ್ನ ಹೆಣ ಬಿದ್ದ ಮೇಲೆ ತರಿಸು ಎಂಬುದು ಸೆಂಗಾಳ ಹಟ. ವರ್ಷದಿಂದ ಇಬ್ಬರಿಗೂ ಮುಖ ಕೊಟ್ಟು ಮಾತಿಲ್ಲ.

"ಸೆಂಗಾಗೆ ರುಚಿ ಗೊತ್ತಾಗಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?"

ಬಿಸೆಟ್ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡೇ ನಿಂತ.

"ಏನು?"

"ವಾಸನೆಯೂ ಇಲ್ಲ. ನಾಲ್ಕು ವರ್ಷದಿಂದ."

"ಅಯ್ಯೋ ದೇವರೇ." ಅವನು ಅಲ್ಲೇ ಒಂದು ಮೇಜಿನ ಅಂಚಿಗೆ ಕೂತುಬಿಟ್ಟ. ಒಂದು ಬಿಳಿ ಬಟ್ಟಲು ಉರುಳಿ ಬಿತ್ತು. "ನಾಲ್ಕು ವರ್ಷ... ಹಾಲು ಕೆಟ್ಟಿದ್ರೆ? ಗ್ಯಾಸ್ ಸೋರಿದ್ರೆ? ಮೇಡಂ, ಇದು ಗೊತ್ತಿದ್ದಿದ್ರೆ ನಾನು ಆ ದಿನವೇ ಅಡುಗೆಮನೆಗೆ ಬೀಗ ಹಾಕ್ತಿದ್ದೆ. ಮೇಲಿನವರಿಗೆ ನಾನು ಒಂದು ಕಾಗದ ಬರೆದಿದ್ರೆ ಸಾಕಿತ್ತು. ಒಂದೇ ಒಂದು ಕಾಗದ!"

ಅವನ ಕಣ್ಣಿನಲ್ಲಿದ್ದ ಗಾಬರಿ ನಟನೆಯಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನ ಮಾತು ಸರಿಯಾಗಿತ್ತು. ಈ ಗುಟ್ಟು ಗೊತ್ತಿದ್ದರೆ ಸೆಂಗಾಳನ್ನು ತೆಗೆಯಲು ಬಿಸೆಟ್‌ಗೆ ವಿಷ ಬೇಕಿರಲಿಲ್ಲ. ಗುಟ್ಟು ಗೊತ್ತಿಲ್ಲದಿದ್ದರೆ ಇಷ್ಟು ಕಹಿಯಾದ ಎಲೆಯನ್ನು ಅವನು ಆರಿಸುತ್ತಿರಲಿಲ್ಲ.

ರೋನಾ ಹಿತ್ತಲಿಗೆ ನಡೆದಳು.

ಮಕ್ಕಳ ಊಟಕ್ಕೆಂದೇ ಬೆಳೆಸಿದ ತೋಟ ಅದು. ಕೇಲ್, ಲೀಕ್ ಈರುಳ್ಳಿ, ಈಗ ತಾನೆ ಮೊಳೆತ ಬಟಾಣಿ. ಕೊನೆಯ ಗೋಡೆಯ ಬುಡದಲ್ಲಿ, ನೆರಳಿನಲ್ಲಿ, ನೆಲಕ್ಕೆ ಅಂಟಿಕೊಂಡ ಹಾಗೆ ಒಂದು ಗಿಡ. ಹೂವಿನ ಕಾಲವಲ್ಲ, ಬರೀ ಎಲೆ, ಮೇಲೆ ಬೂದು ನವಿರು. ರೋನಾ ಮಂಡಿಯೂರಿ ಎಲೆಗಳನ್ನು ಸರಿಸಿದಳು. ನಡುವಿನ ಐದು ಎಲೆಗಳು ಇರಲಿಲ್ಲ. ಕಿತ್ತಿದ್ದಲ್ಲ, ಬಸವನಹುಳು ತಿಂದಿದ್ದೂ ಅಲ್ಲ. ಐದೂ ತೊಟ್ಟುಗಳು ಒಂದೇ ನೇರಕ್ಕೆ, ಕತ್ತರಿಯಿಂದ ಕತ್ತರಿಸಿದಂತೆ ಇದ್ದವು.

"ಅದನ್ನ ಮುಟ್ಟಬೇಡ, ಕೈ ತೊಳ್ಕೋಬೇಕಾಗತ್ತೆ."

ಸಾಮಾನು ಕೋಣೆಯ ಪಕ್ಕದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬ ಪುಟ್ಟ ಮುದುಕಿ ಕೂತಿದ್ದಳು. ಮಣ್ಣು ಮೆತ್ತಿದ ಕೈಗವಸು, ತಲೆಗೆ ಹಸಿರು ಟೋಪಿ. ನೆಟ್ಟಾ ಬೋಯ್ಡ್. ಇಪ್ಪತ್ತಾರು ವರ್ಷ ಊರಿನ ಬಸ್ ಓಡಿಸಿ ನಿವೃತ್ತಳಾದವಳು. ಈ ತೋಟ ಅವಳದೇ ಕೈಕೆಲಸ.

"ನಿಮ್ಮನ್ನೇ ಹುಡುಕ್ತಿದ್ದೆ," ಎಂದಳು ರೋನಾ.

"ಗೊತ್ತು. ನೀನು ಮೇರಿ ಗಿಲ್‌ಕ್ರಿಸ್ಟ್ ಮಗಳಲ್ವಾ? ನನ್ನ ಬಸ್ಸಲ್ಲಿ ಸ್ಕೂಲಿಗೆ ಹೋಗ್ತಿದ್ದಾಗ ಮೂಗು ಒರೆಸ್ಕೊಳ್ಳೋಕೂ ಬರ್ತಿರಲಿಲ್ಲ ನಿಂಗೆ. ಈಗ ನನ್ನ ವಿಚಾರಣೆ."

ಮಾತಿನಲ್ಲಿ ತಮಾಷೆ ಇತ್ತು. ದನಿಯಲ್ಲಿರಲಿಲ್ಲ.

"ಈ ಗಿಡ ಏನು ಅಂತ ಗೊತ್ತಾ ನಿಮಗೆ?"

"ಗೊತ್ತಿಲ್ದೇ ಏನು? ಫಾಕ್ಸ್‌ಗ್ಲವ್. ಅದು ತಾನಾಗೇ ಬಂದಿದ್ದು. ಜೂನಲ್ಲಿ ಗಂಟೆಗಂಟೆಯಾಗಿ ನೇರಳೆ ಹೂ ಬಿಡತ್ತೆ, ಜೇನು ಬರತ್ತೆ ಅಂತ ಬಿಟ್ಟೆ. ಒಂದೊಂದು ಮಗುಗೂ ಕಿವಿ ಹಿಂಡಿ ಹೇಳಿದೀನಿ, ಮುಟ್ಟಬೇಡಿ ಅಂತ."

"ಐದು ಎಲೆ ಕತ್ತರಿಸಿದಾರೆ ನೆಟ್ಟಾ."

"ಬೆಳಿಗ್ಗೆ ನೋಡ್ದೆ." ಅವಳು ಕೈಗವಸು ತೆಗೆದಳು. "ಆವಾಗಿನಿಂದ ಇಲ್ಲೇ ಕೂತಿದೀನಿ. ಏಳೋಕಾಗ್ತಿಲ್ಲ."

"ವಿಷ ಇದ್ದಿದ್ದು ಸೆಂಗಾ ಬಟ್ಟಲಲ್ಲಿ. ಸೆಂಗಾಗೆ ಅಂತಲೇ ಇಟ್ಟಿದ್ದು."

ನೆಟ್ಟಾ ಕಣ್ಣು ಮುಚ್ಚಿಕೊಂಡಳು. ಬಾಯಿಂದ ನೋವು ತಿಂದ ಪ್ರಾಣಿಯ ನರಳಿಕೆಯಂಥ ಒಂದು ಸಣ್ಣ ಸದ್ದು ಬಂತು.

"ಅವರಿಗೆ ಕಹಿ ಗೊತ್ತಾಗಲ್ಲ ಅಂತ ತಿಳಿದಿರೋ ಒಬ್ಬರೇ ಒಬ್ಬರು ನೀವು. ಗಿಡ ನಿಮಗೆ ಗೊತ್ತು. ಬಟ್ಟಲು ನಿಮಗೆ ಗೊತ್ತು. ಹಲಗೆ ನಿಮಗೆ ಗೊತ್ತು. ನಾನು ಬೇರೆ ಯಾರನ್ನ ಕೇಳ್ಲಿ, ಹೇಳಿ?"

"ನಾನು ಅವಳಿಗೆ ವಿಷ ಹಾಕ್ತೀನಾ? ಅವಳು ನನ್ನ ಗಂಡನ ಕೊನೇ ತಿಂಗಳು ಪೂರ್ತಿ ನಮ್ಮನೇಲೇ ಮಲಗಿದ್ಲು ಕಣೇ. ಅವನಿಗೆ ಚಮಚದಲ್ಲಿ ಗಂಜಿ ಕುಡಿಸಿದ್ಲು. ನನ್ನ ಕೈಲಿ ಆಗ್ತಿರ್ಲಿಲ್ಲ, ಅವಳು ಮಾಡಿದ್ಲು."

"ಹಾಗಾದ್ರೆ ಗುಟ್ಟು ಯಾರಿಗೆ ಹೇಳಿದ್ರಿ?"

"ಯಾರಿಗೂ..."

"ಕರ್ಸ್ಟಿ ಎದೆ ನಿಮಿಷಕ್ಕೆ ಮೂವತ್ತನಾಲ್ಕು ಸಲ ಹೊಡ್ಕೊಳ್ತಿದೆ. ನಿಮ್ಮೆದೆ ಮೇಲೆ ಕೈ ಇಟ್ಟು ನೋಡ್ಕೊಳ್ಳಿ, ಅದರಲ್ಲಿ ಅರ್ಧ. ಆ ಮಗು ಹತ್ರ ಹೋಗಿ ನಿಂತು ಹೇಳಿ, ಯಾರಿಗೂ ಹೇಳಿಲ್ಲ ಅಂತ."

ರೋನಾ ಹಾಗೆ ದನಿಯೆತ್ತಿದ್ದು ಅಂದು ಅದೇ ಮೊದಲು. ಗೇಟಿನ ಬಳಿ ನಿಂತಿದ್ದ ಮಕ್ಕಳು ತಿರುಗಿ ನೋಡಿದರು.

ನೆಟ್ಟಾ ಟೋಪಿ ತೆಗೆದು ಮಡಿಲಲ್ಲಿ ಹಿಂಡಿದಳು.

"ಒಬ್ಬರಿಗೆ ಹೇಳಿದೀನಿ," ಎಂದಳು. "ಜನವರಿಯಲ್ಲಿ. ಹೇಳೋ ಹಕ್ಕು ನನಗಿಲ್ಲದಿದ್ರೂ ಕೇಳೋ ಹಕ್ಕು ಅವನಿಗಿತ್ತು. ಸೆಂಗಾ ಮಗನಿಗೆ."

ರೋನಾಳಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎನಿಸಿತು.

"ಕ್ಯಾಲಮ್‌ಗಾ? ನೆಟ್ಟಾ, ಕ್ಯಾಲಮ್ ಸತ್ತು ಹನ್ನೆರಡು ವರ್ಷ ಆಯ್ತು. ಸ್ಪೇನಲ್ಲಿ, ಮೋಟಾರ್‌ಸೈಕಲ್ ಅಪಘಾತದಲ್ಲಿ. ನಮ್ಮಮ್ಮ ಸಾವಿನ ಮನೆ ಅಂತ ಕೇಕ್ ಮಾಡ್ಕೊಂಡು ಹೋಗಿದ್ಲು. ಇಡೀ ಬೀದಿ ಚರ್ಚಿಗೆ ಬಂದಿತ್ತು!"

"ಬಂದಿತ್ತು. ನಾನೂ ಬಂದಿದ್ದೆ. ಎರಡು ವರ್ಷ ಅವನಿಗೋಸ್ಕರ ನಾನೂ ಅತ್ತಿದೀನಿ. ಆಮೇಲೆ ಒಂದಿನ ಮಧ್ಯಾಹ್ನ ನಮ್ಮನೆ ಫೋನು ಹೊಡ್ಕೊಳ್ತು. 'ನೆಟ್ಟಮ್ಮಾ, ನಾನು ಕ್ಯಾಲಮ್' ಅಂದ. ನಾನು ಫೋನು ಕೈಬಿಟ್ಟು ನೆಲದ ಮೇಲೆ ಕೂತ್ಕೊಂಡೆ."

ರೋನಾ ಸಾಮಾನು ಕೋಣೆಯ ಗೋಡೆಗೆ ಕೈ ಊರಿದಳು. ಹತ್ತೊಂಬತ್ತರ ಕ್ಯಾಲಮ್ ಅವಳಿಗೆ ನೆನಪಿದ್ದ. ಕೆಂಚು ಕೂದಲು, ಯಾವಾಗಲೂ ನಗು.

"ಸುಳ್ಳು ಹೇಳಿದ್ದು ಯಾರು?"

"ಸೆಂಗಾನೇ. ಅವನು ಇದೇ ಗೇಟಲ್ಲಿ ನಿಂತು ಮಕ್ಕಳಿಗೆ ನಶೆ ಮಾತ್ರೆ ಮಾರ್ತಿದ್ದ ರೋನಾ. ನಿಂಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಒಬ್ಬ ಹುಡುಗ ಸಾಯೋ ಹಾಗಾದಾಗ ಸೆಂಗಾ ಇವನ ಚೀಲ ತುಂಬಿ ಬೀದಿಗೆ ಎಸೆದ್ಲು. ಮೂರು ತಿಂಗಳಾದ ಮೇಲೆ ಸ್ಪೇನಲ್ಲಿ ಸತ್ತ, ಅಲ್ಲೇ ಮಣ್ಣು ಮಾಡಿದ್ರು ಅಂತ ಹೇಳಿದ್ಲು. ಅದಾಗಿ ಒಂದು ವಾರಕ್ಕೆ ಈ ಅಡುಗೆಮನೆಗೆ ಬಂದು ಸೌಟು ಹಿಡಿದ್ಲು. ತನ್ನ ಮಗ ಕೆಡಿಸಿದ ಮಕ್ಕಳ ಹೊಟ್ಟೆ ತಾನು ತುಂಬಿಸ್ಬೇಕು ಅಂತ. ನಂಗೆ ಅವಳು ಬಾಯಿಬಿಟ್ಟು ಹೇಳ್ಲಿಲ್ಲ. ಅವನು ಹೇಳಿದ."

"ನಿಮಗೆ ಗೊತ್ತಿರೋದು ಸೆಂಗಾಗೆ ಗೊತ್ತಾ?"

"ಇಲ್ಲ. ಹತ್ತು ವರ್ಷ ಅವಳ ಪಕ್ಕ ನಿಂತು ಸೊಪ್ಪು ಹೆಚ್ಚಿದೀನಿ, ಹೇಳೋಕೆ ಬಾಯಿ ಬರ್ಲಿಲ್ಲ. ಅವನು ವರ್ಷಕ್ಕೆ ಎರಡು ಸಲ ಫೋನ್ ಮಾಡ್ತಿದ್ದ. ಅಮ್ಮ ಹೇಗಿದಾಳೆ ಅಂತಷ್ಟೇ. ಅವನ ದನಿ ಕೇಳಿ ಕರುಳು ಕಿತ್ತು ಬರ್ತಿತ್ತು. ಅದಕ್ಕೇ ಜನವರಿಯಲ್ಲಿ ಹೇಳ್ದೆ... ನಿಮ್ಮಮ್ಮನಿಗೆ ಈಗ ರುಚಿನೂ ಗೊತ್ತಾಗಲ್ಲ ಕಣಪ್ಪ, ಒಬ್ಬಳೇ ಇದಾಳೆ, ಬಾ ಅಂತ. ಬರಲಿ ಅಂತ ತಾನೇ ಹೇಳಿದ್ದು!"

"ಬಂದನಾ?"

ನೆಟ್ಟಾ ಅಡುಗೆಮನೆಯ ಬಾಗಿಲ ಕಡೆ ನೋಡಿದಳು.

"ಯಾವಾಗ?"

"ನಿನ್ನೆ."

"ಎಷ್ಟು ಹೊತ್ತಿಗೆ?"

"ಹನ್ನೊಂದೂವರೆ. ಸೆಂಗಾ ಮುಂದಿನ ಬಾಗಿಲಲ್ಲಿ ರೊಟ್ಟಿ ವ್ಯಾನಿನವನ ಹತ್ರ ಇದ್ಲು. ಇವನು ಈ ಹಿತ್ತಲಿಗೆ ಬಂದ. ಗಡ್ಡ ಬಿಟ್ಟಿದ್ದ, ಸಣ್ಣ ಆಗಿದ್ದ, ಆದ್ರೂ ಒಂದೇ ನೋಟಕ್ಕೆ ಗೊತ್ತಾಯ್ತು. ಅಮ್ಮ ಕೆಲಸ ಮಾಡೋ ಜಾಗ ಒಂದ್ಸಲ ನೋಡ್ಬೇಕು ಅಂದ. ಮಾತಾಡಿಸೋ ಧೈರ್ಯ ಇಲ್ಲ, ಸುಮ್ನೆ ನೋಡಿ ಹೋಗ್ತೀನಿ ಅಂದ. ನಾನೇ ಬಾಗಿಲು ತೆಗೆದೆ." ಅವಳ ದನಿ ಒಡೆಯಿತು. "ನಾನೇ ಒಳಗೆ ಕರ್ಕೊಂಡು ಹೋಗಿ ತೋರಿಸ್ದೆ ರೋನಾ. ಇದು ನಿಮ್ಮಮ್ಮನ ಒಲೆ, ಇದು ನಿಮ್ಮಮ್ಮನ ಸೌಟು, ಇದು ನಿಮ್ಮಮ್ಮ ಊಟ ಮುಚ್ಚಿಟ್ಟಿರೋ ಬಟ್ಟಲು ಅಂತ. ಅವನು ಆ ಬಟ್ಟಲು ಮುಟ್ಟಿ ನೋಡ್ದ. ಅಜ್ಜಿದು ಅಂದ. ಕಣ್ಣಲ್ಲಿ ನೀರಿತ್ತು."

"ಅವನೊಬ್ಬನೇ ಇದ್ದನಾ ಅಲ್ಲಿ? ಎಷ್ಟು ಹೊತ್ತು?"

"ಮಕ್ಕಳು ಕರೆದ್ರು ಅಂತ ನಾನು ಈಚೆಗೆ ಬಂದೆ. ಐದು ನಿಮಿಷ. ಹೆಚ್ಚಂದ್ರೆ ಆರು."

"ಕತ್ತರಿ?"

ನೆಟ್ಟಾ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಬೆರಳುಗಳ ಸಂದಿನಿಂದ ಮಾತು ಬಂತು.

"ಹಿತ್ತಲಲ್ಲಿ ನಿಂತಿದ್ದಾಗಲೇ ಕೇಳ್ದ. ತೋಳಲ್ಲಿ ದಾರ ಬಿಚ್ಕೊಂಡಿದೆ, ಒಂದು ನಿಮಿಷ ಕೊಡಿ ಅಂದ. ಕೊಟ್ಟು, ಒಳಗೆ ಯಾರಾದ್ರೂ ಇದಾರಾ ಅಂತ ನೋಡೋಕೆ ಹೋದೆ. ವಾಪಸ್ ಬರೋವಷ್ಟರಲ್ಲಿ ಕತ್ತರಿ ಮೊಳೆಗೆ ನೇತು ಹಾಕಿದ್ದ. ಒಳ್ಳೇ ಹುಡುಗ, ತಗೊಂಡಿದ್ದು ಅಲ್ಲೇ ಇಡ್ತಾನೆ ಅಂದ್ಕೊಂಡೆ ನಾನು..."

ರೋನಾಳ ಫೋನು ಹೊಡೆದುಕೊಂಡಿತು. ಡೂಗಿ.

"ಮೇಡಂ, ಕರ್ಸ್ಟಿ ಕಣ್ಣು ಬಿಟ್ಲು. ಡಾಕ್ಟರು ಇನ್ನು ಭಯ ಇಲ್ಲ ಅಂದ್ರು."

ಕಣ್ಣು ಮುಚ್ಚಿ ರೋನಾ ಉಸಿರು ಬಿಟ್ಟಳು. ಆದರೆ ಡೂಗಿಯ ದನಿಯಲ್ಲಿ ಸಂತೋಷವಿರಲಿಲ್ಲ.

"ಡೂಗಿ, ಸೆಂಗಾ ಎಲ್ಲಿ?"

"ಅದೇ ಮೇಡಂ... ಕರ್ಸ್ಟಿ ಹೇಳಿಕೆ ತಗೊಳ್ಳಿ, ಎರಡೇ ನಿಮಿಷ ಅಂತ ಡಾಕ್ಟರು ಒಳಗೆ ಕರೆದ್ರು. ಸೆಂಗಾನ ಬಾಗಿಲ ಹೊರಗೆ ಬೆಂಚ್ ಮೇಲೆ ಕೂರಿಸಿದ್ದೆ. ವಾಪಸ್ ಬಂದಾಗ ಇಲ್ಲ. ನರ್ಸ್ ನೋಡಿದಾಳೆ. ಒಬ್ಬ ಗಡ್ಡದವನು ಬಂದು ಅವಳ ಮುಂದೆ ಮಂಡಿಯೂರಿ ಕೂತ್ನಂತೆ. 'ಅಮ್ಮಾ' ಅಂದ್ನಂತೆ. ಸೆಂಗಾ ಕೂಗ್ಲಿಲ್ಲ, ಏನೂ ಮಾಡ್ಲಿಲ್ಲ. ತಾನೇ ಅವನ ಕೈ ಹಿಡ್ಕೊಂಡು ಎದ್ದು ಹೋದ್ಲಂತೆ."

"ಯಾವ ಕಡೆ?"

"ಗೊತ್ತಿಲ್ಲ ಮೇಡಂ. ಲಿಫ್ಟು ಇಳಿದಿದೆ, ಅಷ್ಟೇ. ಇನ್ನೊಂದು... ಅವನ ಕಂಕುಳಲ್ಲಿ ಒಂದು ಊಟದ ಡಬ್ಬಿ ಇತ್ತಂತೆ. ನರ್ಸ್ ಅದೇನು ಅಂತ ಕೇಳಿದ್ದಕ್ಕೆ ನಕ್ಕು ಹೇಳಿದ್ನಂತೆ..."

"ಏನಂತ?"

"'ಅಮ್ಮ ನಿನ್ನೆಯಿಂದ ಏನೂ ತಿಂದಿಲ್ಲ, ನನ್ನ ಕೈಯಾರೆ ತಿನ್ನಿಸ್ಬೇಕು' ಅಂತ."